ಯೊಯೆಲ್‌ನ ರಿಪೋರ್ಟ್ ಕಾರ್ಡು

ಹಾಗಲ್ಲ, ಹಾಗಲ್ಲ... ಮೊದಲು ತೋಳು ಒಳಗೆ, ಆಮೇಲೆ ಕಾಲರ್. ಎರಡು ಬೇಸ್‌ಬಾಲ್ ಸೀಸನ್ ನಮ್ಮನೆಯಲ್ಲಿದ್ದು ಒಂದು ಶರ್ಟ್ ಮಡಿಸೋದು ಕಲಿಯಲಿಲ್ಲವಲ್ಲ ಯೊಯೆಲ್! ಕೊಡು ಇಲ್ಲಿ.

ಯಾಕೆ ನಗ್ತೀಯ? ಹೌದು, ಕನ್ನಡದಲ್ಲೇ ಮಾತಾಡ್ತಿದ್ದೀನಿ. ಡೊಮಿನಿಕನ್ ರಿಪಬ್ಲಿಕ್‌ನಿಂದ ಬರೀ ಸ್ಪ್ಯಾನಿಷ್ ತಗೊಂಡು ಬಂದ ನಿನಗೆ ಇಂಗ್ಲಿಷ್ ಕಲಿಸಿದವಳು ನಾನೇ. ಇವತ್ತು ನನಗೇ ಅದು ಬಾಯಿಗೆ ಬರ್ತಿಲ್ಲ. ನಿನಗೆ ಅರ್ಥವಾಗಬೇಕಾಗಿಯೂ ಇಲ್ಲ. ಸುಮ್ಮನೆ ಕೂತ್ಕೋ. ಬೆನ್ನು ನೆಟ್ಟಗೆ.

ಬೆಳಿಗ್ಗೆ ಫೋನ್ ಬಂದಾಗ ನೀನು ಇಡ್ಲಿ ತಿಂತಿದ್ದೆ. ತಟ್ಟೆ ಇನ್ನೂ ಅಲ್ಲೇ ಇದೆ. ನಾನು ತೆಗೆದಿಲ್ಲ... ನನ್ನ ಮನೆಯಲ್ಲಿ ಎಂಜಲು ತಟ್ಟೆ ಮಧ್ಯಾಹ್ನದವರೆಗೆ! ಇರಲಿ. ಟ್ರೇಡ್ ಆಗಿದೆಯಂತೆ. ನಿನ್ನನ್ನು ಉತ್ತರದ ಯಾವುದೋ ಟೀಮಿಗೆ ಕೊಟ್ಟು ನಿನ್ನ ಹಾಗೇ ಚೆಂಡೆಸೆಯೋ ಮೂವತ್ತಾರು ವರ್ಷದ ಒಬ್ಬ ಪಿಚರನ್ನು ತಗೊಂಡಿದ್ದಾರೆ. ನಮ್ಮೆಜಮಾನ್ರು ಎರಡು ವರ್ಷದಿಂದ ನಿನ್ನನ್ನು ಬೌಲರ್ ಅಂತಲೇ ಕರೀತಾರೆ. ತಿದ್ದಿ ತಿದ್ದಿ ಸಾಕಾಯ್ತು.

ಆ ಮನುಷ್ಯ ಹನ್ನೊಂದು ವರ್ಷ ದೊಡ್ಡ ಲೀಗ್‌ನಲ್ಲಿ ಎಸೆದವನು. ನೀನು ಇಪ್ಪತ್ತರವನು, ಈ ಕೆರೊಲಿನಾದ ಸಣ್ಣ ಟೀಮಿನವನು. ಮುಂದೆ ಬಹಳ ಮೇಲೆ ಬರ್ತಾನೆ ಅಂತಾರೆ. ಮುಂದೆ! ನಮ್ಮ ಮೇಲಿನ ದೊಡ್ಡ ಟೀಮಿಗೆ ಗೆಲ್ಲಬೇಕಾಗಿರೋದು ಈ ಸೆಪ್ಟೆಂಬರ್‌ನಲ್ಲಿ. ಅಷ್ಟೇ. ಯಾರ ತಪ್ಪೂ ಇಲ್ಲ. ಯಾರ ತಪ್ಪೂ ಇಲ್ಲ...

ಸ್ವೆಟರ್ ಇಟ್ಕೋ. ಅಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳುತ್ತಂತೆ. ಬೇಡ ಅಂತ ತಲೆ ಆಡಿಸಬೇಡ.

ಮೇ ತಿಂಗಳಲ್ಲಿ ಟೀಮಿನವರು, ನಿನ್ನನ್ನು ಯಾರು ಕೇಳಿದರೂ ಕೊಡಲ್ಲ ಅಂದಿದ್ದರು. ಅವತ್ತು ಅಡುಗೆಮನೆಯಲ್ಲಿ ಕುಣಿದು ನನ್ನ ಉಪ್ಪಿನ ಡಬ್ಬಿ ಬೀಳಿಸಿದೆ. ಇಲ್ಲಿಂದಲೇ ದೊಡ್ಡ ಲೀಗಿಗೆ ಹೋಗ್ತೀನಿ, ಅಮ್ಮನನ್ನು ಕರೆಸ್ತೀನಿ, ಸ್ಟೇಡಿಯಂನಲ್ಲಿ ನಿಮ್ಮ ಪಕ್ಕದಲ್ಲೇ ಕೂರಿಸ್ತೀನಿ ಅಂದೆ. ಅವಳಿಗೆ ಯಾವ ಸೀರೆ ಕೊಡಲಿ ಅಂತ ನಾನೂ ಬೀರು ತೆಗೆದು ನೋಡಿದೆ. ಹುಚ್ಚು.

ನೋಡು, ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್ ಬೆನೆಡಿಕ್ಟಾ ತಿಂಗಳ ಕೊನೆಗೆ ರಿಪೋರ್ಟ್ ಕಾರ್ಡ್ ಕಳಿಸ್ತಿದ್ದರು. ಟೀಮಿನವರು ನಿನ್ನನ್ನು ಊಟ-ವಸತಿಗೆ ಅಂತ ನನ್ನ ಮನೆಯಲ್ಲಿ ಬಿಟ್ಟ ಮೇಲೆ ನಾನೂ ನಿನ್ನ ಕೋಚ್‌ಗೆ ಒಂದು ರಿಪೋರ್ಟ್ ಕಳಿಸ್ತಿದ್ದೆ. ಯಾರೂ ಕೇಳಿರಲಿಲ್ಲ. ಆಟಗಾರರನ್ನು ಇಟ್ಕೊಂಡ ಬೇರೆ ಮನೆಯವರು ಹುಡುಗರಿಗೆ ಪಿಜ್ಜಾ ತರಿಸಿಕೊಟ್ಟು ಸುಮ್ಮನಾಗ್ತಾರೆ. ನಾನು ಹಾಗಲ್ಲ. ಊಟ: ಉತ್ತಮ. ನಿದ್ರೆ: ಉತ್ತಮ. ಇಂಗ್ಲಿಷ್: ಸುಧಾರಿಸುತ್ತಿದೆ. ಕೋಣೆಯ ಸ್ವಚ್ಛತೆ: ಹೇಳುವಂತಿಲ್ಲ. ಕೊನೆಗೆ ಆರೋಗ್ಯ. ಆ ಜಾಗ ಖಾಲಿ ಬಿಡೋಕೆ ಆಗುತ್ತಾ? ಸುಳ್ಳು ಬರೆಯೋಕೆ ಆಗುತ್ತಾ? ಜೂನ್‌ನಲ್ಲಿ... ಒಂದೇ ಒಂದು ಸಾಲು. ಬಲ ಮೊಣಕೈ ನೋವು, ದಿನವೂ ಎಣ್ಣೆ...

ಯೊಯೆಲ್? ಯಾಕೆ ಎದ್ದೆ?

ಇಲ್ಲ. ನಿನಗೇನೂ ಅರ್ಥವಾಗಿಲ್ಲ. ನಾನು ಕನ್ನಡದಲ್ಲಿ... ರಿಪೋರ್ಟ್ ಅಂದೆನಾ? ಕೋಚ್ ಅಂದೆ. ಜೂನ್ ಅಂದೆ. ಅಯ್ಯೋ, ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷೇ. ಆದರೆ ಮೊಣಕೈ... ಮೊಣಕೈ ನಿನಗೆ ಹೇಗೆ...

ನಾನೇ ಕಲಿಸಿದ್ದು. ಎಣ್ಣೆ ಹಚ್ಚುವಾಗ ದಿನಾ. ಮೊಣಕೈ, ಭುಜ, ಬೆರಳು. ನೀನು ಒಂದು ತಪ್ಪಿಲ್ಲದೆ ಹೇಳ್ತಿದ್ದೆ. ನೋವಿನ ವಿಷಯ ಯಾರಿಗೂ ಹೇಳಬೇಡಿ ಮಿಸೆಸ್ ಮೂರ್ತಿ ಅಂತಲೂ ನೀನು ಹೇಳಿದ್ದೆ. ಹೂಂ ಅಂದಿದ್ದೆ ನಾನು.

ಒಳ್ಳೇದಕ್ಕೇ ಬರೆದೆ. ಅವರು ಡಾಕ್ಟರಿಗೆ ತೋರಿಸ್ತಾರೆ ಅಂದ್ಕೊಂಡೆ, ನಿನ್ನನ್ನೇ ಕೊಟ್ಟುಬಿಡ್ತಾರೆ ಅಂತಲ್ಲ. ತುಂಬಾ ಉಪಯೋಗವಾಯ್ತು ಅಂತ ಉತ್ತರ ಬರೆದರು. ಅದನ್ನು ಪ್ರಿಂಟ್ ತೆಗೆದು ಇಟ್ಕೊಂಡಿದ್ದೀನಿ... ಏನಾದರೂ ಅನ್ನು. ಬೈಯಿ. ನಿನ್ನ ಭಾಷೆಯಲ್ಲೇ ಬೈಯಿ, ನಾನು ತಿದ್ದಲ್ಲ.

ನಮ್ಮೆಜಮಾನ್ರು ಕಾರ್ ಸ್ಟಾರ್ಟ್ ಮಾಡಿದರು. ಹೋಗು. ಬ್ಯಾಗಿನ ಪಕ್ಕದ ಜೇಬಿನಲ್ಲಿ ಹರಳೆಣ್ಣೆ ಇಟ್ಟಿದ್ದೀನಿ. ನಾರ್‌ಕ್ರಾಸ್‌ನ ಇಂಡಿಯನ್ ಅಂಗಡಿವರೆಗೆ ಡ್ರೈವ್ ಮಾಡಿ ತಂದದ್ದು. ಅಲ್ಲಿ ಸಿಗಲ್ಲ.

ಎಣ್ಣೆ ಸೀಸೆ ಯಾಕೆ ಹೊರಗೆ ತೆಗೆದಿಟ್ಟೆ?

ಮುಚ್ಚಳ ಬಿಗಿಯಾಗಿದೆ, ಯೊಯೆಲ್. ಸೋರಲ್ಲ.