ಚೆಲ್ಲಮ್ಮನ ಎಡಗೈ

...ಅಲ್ಲ ಕಣೇ ಪುಟ್ಟಿ, ಚಾರ್ಟ್ ಬರೆಯೋದು, ಬೋರ್ಡ್ ಮೇಲೆ ದುಂಡಗೆ ಅಕ್ಷರ ಮೂಡಿಸೋದು, ಅದೆಲ್ಲ ಒಂದು ಕಷ್ಟಾನಾ? ಯಾರು ಬೇಕಾದ್ರೂ ಕಲೀತಾರೆ. ಟೀಚರ್ ಟ್ರೈನಿಂಗ್ ಸೇರ್ತೀನಿ ಅಂತ ಬೆಳಗಿಂದ ಕುಣೀತಾ ಇದೀಯಲ್ಲ, ಬಾ ಇಲ್ಲಿ, ಅಜ್ಜಿ ಹತ್ರ ಕೂತ್ಕೋ, ಆ ಫೋನ್ ಕೆಳಗಿಡು. ನಾನು ಟಿ.ಸಿ.ಎಚ್. ಮಾಡಿದ್ದು ಅರವತ್ತೆಂಟರಲ್ಲಿ... ಅಲ್ಲಲ್ಲ, ಅದಕ್ಕೂ ಮುಂಚೆ, ರೇಷನ್ನಲ್ಲಿ ಇನ್ನೂ ಆ ಕೆಂಪು ಜೋಳ ಕೊಡ್ತಿದ್ರು, ಅಮೇರಿಕದ್ದು, ಅದರ ರೊಟ್ಟಿ ಗಂಟಲಲ್ಲಿ ಇಳೀತಿರ್ಲಿಲ್ಲ, ನೀರು ಕುಡಿದು ಕುಡಿದು ನುಂಗ್ತಿದ್ವಿ. ನಮ್ಮಪ್ಪ ತೀರ್ಕೊಂಡು ಎರಡು ವರ್ಷ ಆಗಿತ್ತು. ಹಲಸೂರಲ್ಲಿ ಒಂದೇ ಕೋಣೆ ಮನೆ, ಅಮ್ಮ, ನಾನು, ನನ್ನ ಹಿಂದೆ ಮೂರು ಜನ. ಅಮ್ಮ ಹಪ್ಪಳ ಲಟ್ಟಿಸಿ ಲಟ್ಟಿಸಿ ಅಂಗೈ ಹೊಪ್ಪಳೆ ಎದ್ದಿತ್ತು. "ನಿಂಗೊಂದು ಕೆಲಸ ಆಗ್ಬಿಟ್ರೆ ನಾವು ಬದುಕ್ಕೋತೀವಿ ತಾಯಿ" ಅಂತ ದಿನಾ ಅನ್ನೋಳು. ದಿನಾ ಅಂದ್ರೆ ದಿನಾ. ಹಲಸೂರು ಕೆರೆ ಬಳಸಿಕೊಂಡು ಶಿವಾಜಿನಗರದ ಹತ್ರ ಇದ್ದ ಟ್ರೈನಿಂಗ್ ಕಾಲೇಜಿಗೆ ನಡ್ಕೊಂಡು ಹೋಗೋವಾಗ ಕಿವೀಲಿ ಅದೇ ಮಾತು. ಫೇಲಾದ್ರೆ ಮನೆ ಮುಳುಗ್ತು, ಅಷ್ಟೇ.

ಆ ಟ್ರೈನಿಂಗಲ್ಲಿ ಒಂದು ಪದ್ಧತಿ. ಪಾಠ ಮಾಡೋದು ಕಲೀಬೇಕಲ್ಲ, ಅದಕ್ಕೆ ನಮ್ಮನ್ನ ಒಂದು ಪ್ರೈಮರಿ ಸ್ಕೂಲಿಗೆ ಹಾಕೋರು. ನಂಗೆ ಸಿಕ್ಕಿದ್ದು ಹಲಸೂರು ಮಾರ್ಕೆಟ್ ಹಿಂದಿನ ಗಲ್ಲೀದು, ಎರಡನೇ ಕ್ಲಾಸು. ಮುಗಿಯೋಕೆ ಎರಡು ವಾರ ಇರೋವಾಗ ಒಂದು ದಿನ ಪರೀಕ್ಷಕರು ಬಂದು ಹಿಂದಿನ ಬೆಂಚಲ್ಲಿ ಕೂತು ನಮ್ಮ ಪಾಠ ನೋಡಿ ಮಾರ್ಕ್ಸ್ ಹಾಕೋರು. ಮಕ್ಕಳು ಕೈ ಎತ್ತಲಿಲ್ಲ ಅಂದ್ರೆ ಟೀಚರ್ ಕತೆ ಮುಗೀತು. ಆ ಸ್ಕೂಲಲ್ಲಿ ಒಬ್ರು ಹಳೇ ಮೇಡಂ ಇದ್ರು, ಪಾಪ ಒಳ್ಳೆಯೋರೇ, ನನ್ನ ಪಕ್ಕಕ್ಕೆ ಕರೆದು ಕಿವಿ ಹತ್ರ ಹೇಳಿದ್ರು: "ಪೆದ್ದಿ ಥರ ನಿಂತ್ಕೋಬೇಡ್ವೇ. ಮಕ್ಕಳಿಗೆ ಈಗ್ಲೇ ಹೇಳ್ಕೊಡು. ಉತ್ತರ ಗೊತ್ತಿರೋರು ಬಲಗೈ ಎತ್ತಿ, ಗೊತ್ತಿಲ್ದೋರು ಎಡಗೈ ಎತ್ತಿ ಅಂತ. ಹಿಂದೆ ಕೂತೋರಿಗೆ ಇಡೀ ಕ್ಲಾಸೇ ಕೈ ಎತ್ತಿದ ಹಾಗೆ ಕಾಣುತ್ತೆ. ನೀನು ಬಲಗೈಯೋರ್ನ ಮಾತ್ರ ಕೇಳು." ನಗ್ಬೇಡ! ಎಲ್ರೂ ಮಾಡ್ತಿದ್ರು. ನಾನೂ ಹದಿನೈದು ದಿನ ಅದನ್ನೇ ಅಭ್ಯಾಸ ಮಾಡಿಸ್ದೆ, ಪಾಠಕ್ಕಿಂತ ಜಾಸ್ತಿ.

ಎಲ್ಲ ಮಕ್ಕಳೂ ಕಲಿತ್ವು, ಚೆಲ್ಲಮ್ಮ ಒಬ್ಬಳನ್ನ ಬಿಟ್ಟು. ಮನೇಲಿ ತಮಿಳು, ಕನ್ನಡ ಆಗ ತಾನೇ ಬಾಯಿಗೆ ಹತ್ತುತಾ ಇತ್ತು. ತಲೇಲಿ ಒಂದು ಸೇರು ಎಣ್ಣೆ, ಕೆಂಪು ರಿಬ್ಬನ್ನು, ಮೊದಲನೇ ಸಾಲಲ್ಲಿ ಚಕ್ಕಂಬಕ್ಕಳ ಹಾಕ್ಕೊಂಡು ಕೂರೋಳು. ನಾನು ಪ್ರಶ್ನೆ ಕೇಳಿ ಮುಗಿಸೋದ್ರೊಳಗೆ ಬಲಗೈ ಮೇಲೆ! "ಹೇಳಮ್ಮಾ" ಅಂದ್ರೆ ಕಣ್ಣು ಪಿಳಿಪಿಳಿ. ಉತ್ತರ ಏನೂ ಇಲ್ಲ. "ಗೊತ್ತಿಲ್ದಿದ್ರೆ ಎಡಗೈ ಅಂತ ಹೇಳಿಲ್ವೇನೇ? ಬಲಗೈ ಯಾಕೆ ಎತ್ತಿದೆ?" ಅಂತ ಗದರಿದ್ರೆ, "ಎಡಗೈ ಎತ್ತಿದ್ರೆ ನೀವು ನನ್ನ ಕೇಳೋದೇ ಇಲ್ಲ ಟೀಚರ್" ಅನ್ನೋಳು.  ನಾನು ಪಕ್ಕದ ಮಗೂನ ಕೇಳ್ತಿದ್ದೆ. ನಂಗೆ ಮಾರ್ಕ್ಸ್ ಚಿಂತೆ.

ಪರೀಕ್ಷೆ ಹಿಂದಿನ ದಿನ ಸ್ಕೂಲ್ ಬಿಟ್ಟ ಮೇಲೆ ಅವಳನ್ನ ನಿಲ್ಲಿಸ್ಕೊಂಡೆ. "ಚೆಲ್ಲಮ್ಮಾ, ನಾಳೆ ನೀನು ಸ್ಕೂಲಿಗೆ ಬರ್ಬೇಡ." "ಯಾಕೆ ಟೀಚರ್?" "ದೊಡ್ಡೋರು ಬರ್ತಾರೆ." "ನಾನು ಬಾಯಿ ಮುಚ್ಕೊಂಡು ಕೂತಿರ್ತೀನಿ ಟೀಚರ್." "ಬೇಡ ಅಂದ್ರೆ ಬೇಡ ಕಣೇ! ಹೇಳಿದ್ದು ಅರ್ಥ ಆಗಲ್ವಾ ನಿಂಗೆ?" ತಲೆ ಅಲ್ಲಾಡಿಸಿ ಹೋದ್ಲು. ಒಂದು ದಿನಕ್ಕೆ ಮಾತ್ರ ಅಂತ ಹೇಳ್ಬೇಕಿತ್ತು. ಹೇಳಲಿಲ್ಲ. ಬಾಯಲ್ಲಿ ಬರಲಿಲ್ಲ ನೋಡು, ಹಾಳು ಬಾಯಿ.

ಮಾರನೇ ದಿನ ಬೀಜ ಮೊಳಕೆ ಒಡೆಯೋ ಪಾಠ. ಅಮ್ಮ ನಮ್ಮ ಹೊಟ್ಟೆಗೆ ಹಾಕ್ಬೇಕಾದ ಒಂದು ಹಿಡಿ ಹೆಸರುಕಾಳು ಒದ್ದೆ ಬಟ್ಟೇಲಿ ಕಟ್ಟಿ ಕೊಟ್ಟಿದ್ಲು, ಚೆನ್ನಾಗಿ ಮೊಳಕೆ ಬಂದಿತ್ತು. ಪರೀಕ್ಷಕರು ಹಿಂದೆ ಕೂತ್ರು, ಪೆನ್ಸಿಲ್ ತೆಗೆದ್ರು. ನಾನು ಮೊದಲನೇ ಪ್ರಶ್ನೆ ಕೇಳ್ದೆ, ಇಡೀ ಕ್ಲಾಸು ಕೈ ಎತ್ತಿತು. ಎದೆ ಹಗುರ ಆಯ್ತು. ಬಲಗೈ ನೋಡಿ ಒಂದು ಮಗೂನ ಕೇಳ್ದೆ, ಸರಿಯಾಗಿ ಹೇಳ್ತು. ಎರಡನೇ ಪ್ರಶ್ನೆಗೆ ಹೀಗೆ ತಿರುಗ್ತೀನಿ, ಕಿಟಕಿ ಆಚೆ ಕೆಂಪು ರಿಬ್ಬನ್ನು. ಕಲ್ಲಿನ ಮೇಲೆ ಕಾಲಿಟ್ಟು, ಒಂದು ಕೈಯಲ್ಲಿ ಕಂಬಿ ಹಿಡ್ಕೊಂಡು ನಿಂತಿದಾಳೆ. ಇನ್ನೊಂದು ಕೈ ಎತ್ತಿದಾಳೆ. ಎಡಗೈ ಕಣೇ. ಎಡಗೈ! ತುಟಿ ಬಿಗಿಯಾಗಿ ಮುಚ್ಕೊಂಡು, ನೋಡಿ ಟೀಚರ್, ಕಲಿತೆ, ಈಗ ಒಳಗೆ ಬರ್ಲಾ ಅನ್ನೋ ಥರ ನನ್ನನ್ನೇ ನೋಡ್ತಾ. ನಾನೇನು ಮಾಡ್ದೆ ಗೊತ್ತಾ? ಪಾಠ ಹೇಳ್ತಾ ಹೇಳ್ತಾನೇ ಹೋಗಿ ಕಿಟಕಿ ಮುಚ್ಚಿಬಿಟ್ಟೆ. ಅವಳ ಮುಖದ ಮೇಲೇ. ಪರೀಕ್ಷಕರು ಕೊನೇಲಿ ಮೆಚ್ಕೊಂಡ್ರು, "ಬೋರ್ಡಿಗೆ ಬಿಸಿಲು ಹೊಡೀದ ಹಾಗೆ ಕಿಟಕಿ ಹಾಕಿದ್ರಲ್ಲ, ಇಂಥ ಗಮನ ಇರ್ಬೇಕಮ್ಮ ಟೀಚರಿಗೆ" ಅಂತ. ನಾನು ಥ್ಯಾಂಕ್ಯೂ ಸಾರ್ ಅಂದೆ. ಅಂದೆ ಕಣೇ, ನಗ್ತಾನೇ ಅಂದೆ.

ಅವತ್ತಿಂದ ಅವಳು ಬರಲಿಲ್ಲ. ನಾಳೆ ಬರ್ತಾಳೆ, ನಾಳೆ ಬರ್ತಾಳೆ ಅಂತ ಎರಡು ವಾರ ಕಾದೆ, ನನ್ನ ಅಭ್ಯಾಸದ ಪಾಠಗಳೂ ಮುಗಿದ್ವು. ಆಮೇಲೆ ತಡೀಲಾರದೆ ಮನೆ ಹುಡುಕ್ಕೊಂಡು ಹೋದೆ. ಅವರಮ್ಮ ಬಾಗಿಲಲ್ಲಿ ಊದುಬತ್ತಿ ಹೊಸೀತಾ ಕೂತಿದ್ಲು. "ವಾಂಗಮ್ಮಾ ಟೀಚರ್" ಅಂತ ಎದ್ದು ಮಣೆ ಹಾಕಿದ್ಲು. ಬೈದಿದ್ರೆ ಚೆನ್ನಾಗಿತ್ತು, ಬೈಲಿಲ್ಲ. "ಚೆಲ್ಲಮ್ಮ ಎಲ್ಲಿ?" ಅಂದೆ. "ಅವಳ ಸೋದರತ್ತೆ ಜೊತೆ ಕೋಲಾರದ ಕಡೆ ಕಳಿಸಿಬಿಟ್ಟೆ ಟೀಚರ್, ಅಲ್ಲಿ ಒಂದು ಮನೇಲಿ ಕೂಸು ಎತ್ಕೊಳ್ಳೋ ಕೆಲಸ. ನೀವೇ ಬರ್ಬೇಡ ಅಂತ ಹೇಳಿದ್ರಂತೆ ಇಲ್ಲ?" "ಅಯ್ಯೋ, ಒಂದೇ ದಿನಕ್ಕೆ ಅಂದಿದ್ದು ತಾಯಿ!" "ಇರ್ಲಿ ಬಿಡಿ, ಓದು ಎಲ್ರಿಗೂ ಬರುತ್ತಾ? ಅವಳು ಒಂದೇ ಅಳು. ಕೈ ಸರಿಯಾಗೇ ಎತ್ತಿದೆ ಅಮ್ಮಾ, ಆದ್ರೂ ಟೀಚರ್ ಕಿಟಕಿ ಹಾಕ್ಬಿಟ್ರು ಅಂತ."  ಊರ ಹೆಸರು ಕೇಳ್ದೆ, ಆ ತಾಯಿಗೂ ಸರಿಯಾಗಿ ಗೊತ್ತಿರ್ಲಿಲ್ಲ. ಆಮೇಲೆ ಇನ್ನೆರಡು ಸಲ ಹೋದೆ. ಮೂರನೇ ಸಲ ಹೋದಾಗ ಅವರೇ ಮನೆ ಖಾಲಿ ಮಾಡ್ಕೊಂಡು ಹೋಗಿದ್ರು.

ಫಸ್ಟ್ ಕ್ಲಾಸ್ ಬಂತು ನಂಗೆ. ಕೆ.ಆರ್. ಪುರದ ಕಡೆ ಸ್ಕೂಲಲ್ಲಿ ಕೆಲಸ ಆಯ್ತು, ತಮ್ಮಂದಿರು ಓದಿದ್ರು, ಅಮ್ಮ ಹಪ್ಪಳದ ಮಣೇನ ಅಟ್ಟಕ್ಕೆ ಹಾಕಿದ್ಲು. ಎಲ್ಲ ಆಯ್ತು. ಆದ್ರೆ ರಿಟೈರ್ ಆಗೋವರ್ಗೂ ಒಂದು ಮಗು ಒಂದಿನ ಬರ್ಲಿಲ್ಲ ಅಂದ್ರೆ ನಂಗೆ ಊಟ ಸೇರ್ತಿರ್ಲಿಲ್ಲ, ನಿಮ್ಮ ತಾತ ಬೈಯೋರು. ಅಲ್ಲ ಕಣೇ ಪುಟ್ಟಿ, ಚೆಲ್ಲಮ್ಮಂಗೂ ಈಗ ಮೊಮ್ಮಕ್ಕಳಿರ್ತಾರೆ, ಅವಕ್ಕೆ ಅವಳು ನನ್ನ ಬಗ್ಗೆ ಏನು ಹೇಳ್ತಾಳೋ. ನೀನು ಸೇರು, ಬೇಡ ಅನ್ನಲ್ಲ. ಫೇಲಾದ್ರೆ ಇನ್ನೊಂದು ಸಲ ಪರೀಕ್ಷೆ ಕಟ್ಟಬಹುದು. ಎಂಥ ಪೆದ್ದು ಮಗು ಆದ್ರೂ ಸರಿ, ಬರ್ಬೇಡ ಅಂತ ಮಾತ್ರ ಅನ್ಬೇಡ. ಅವು ನಾವು ಹೇಳಿದ್ದನ್ನ ನಂಬ್ತವೆ.