ಎರಡು ಡಬ್ಬ ಬಿಸ್ಕತ್ತು

...ಅಯ್ಯೋ, ಬಾರೋ ಸೌಟಣ್ಣ, ಯಾಕೆ ಹಾಗೆ ತುದಿಗಾಲಲ್ಲಿ ನಡೀತೀಯ? ಇದು ಮ್ಯೂಸಿಯಂ ಕಣೋ, ಅತ್ತೆ ಮನೆಯಲ್ಲ! ನಗ್ತೀಯಾ? ನಗು, ನಗು. ಮೂವತ್ತು ವರ್ಷ ಆದ್ಮೇಲೆ ಕೈಗೆ ಸಿಕ್ಕಿದ್ದೀಯ. ನೋಡು, ನಾಳೆ ಇದೇ ಹಾಲ್‌ನಲ್ಲಿ ನನಗೆ ಸನ್ಮಾನ. ಧ್ರುವದ ಹಿಮದಲ್ಲಿ ಕಲ್ಲು ಹೆಕ್ಕಿ ತಂದ ಭೂವಿಜ್ಞಾನಿ ಅಂತ! ನೀನು ನನ್ನ ಪಕ್ಕದಲ್ಲೇ ಕೂತ್ಕೋಬೇಕು. ಜಾರುಗಾಡಿ ಎಳೆದವರು ನಾವಿಬ್ಬರೇ ತಾನೆ? ನೀನು ಅಡುಗೆಯವನು, ನಾನು ಕಲ್ಲಿನವನು.

ಭಾಷಣ ರೆಡಿ ಇದೆ. ಬಿಸ್ಕತ್ತಿನ ಜೋಕೂ ಇದೆ... ಮುಖ ಯಾಕೆ ಹಾಗೆ ಮಾಡ್ತೀಯ? ಜನ ಬಿದ್ದು ಬಿದ್ದು ನಗ್ತಾರೆ! 'ನಮ್ಮ ಅಡುಗೆಯವನ ಲೆಕ್ಕದಲ್ಲಿ ಎಂಟಾದ್ಮೇಲೆ ಹತ್ತು! ಎರಡು ಡಬ್ಬ ಬಿಸ್ಕತ್ತು ಕಮ್ಮಿ ತಂದ, ಹನ್ನೊಂದು ದಿನ ಬೂಟಿನ ಚರ್ಮ ಬೇಯಿಸಿ ಬಡಿಸಿದ!' ಅಂತ... ಸರಿ, ಸರಿ, ಹೇಳಲ್ಲ ಬಿಡು. ಆ ಮಾತು ಹಬ್ಬಿ, ಆಮೇಲೆ ಯಾವ ಹಡಗಿನೋರೂ ನಿನ್ನ ಅಡುಗೆಗೆ ಕರೀಲಿಲ್ಲ ಅಂತ ಕೇಳಿದೆ. ಬೇಜಾರಾಯ್ತು. ನಿಜವಾಗ್ಲೂ ಕಣೋ.

ಅದೆಲ್ಲ ಹಾಳಾಗ್ಲಿ, ಕಲ್ಲು ನೋಡು ಬಾ! ಹದಿನಾಲ್ಕು! ಇದರಲ್ಲಿ ಎಲೆಯ ಗುರುತು ಕಾಣುತ್ತಾ? ಆ ಹಿಮದಲ್ಲಿ ಒಂದು ಕಾಲಕ್ಕೆ ಕಾಡಿತ್ತು ಮಾರಾಯ, ಕಾಡು!... ಕನ್ನಡಕ ಯಾಕೆ ಹಾಕ್ಕೊಂಡೆ? ಚೀಟಿ ಓದ್ಬೇಡ, ಕಲ್ಲು ನೋಡು. ಚೀಟೀಲಿ ಏನಿರುತ್ತೆ... ಸಿಕ್ಕಿದ ಜಾಗ, ತೂಕ, ತಾರೀಖು. ಕಲ್ಲು ಎತ್ತಿದ ತಕ್ಷಣ ಬರೀಲೇಬೇಕು, ಅದು ನಮ್ಮ ಕಸುಬು. ಇಲ್ದಿದ್ರೆ ಅದು ಬರೀ ಕಲ್ಲು. ಅದಕ್ಕೇ ಕೈ ಮರಗಟ್ಟಿದ್ರೂ ನಾನು...

ಯಾಕೋ, ಬೆರಳು ಅಲ್ಲೇ ನಿಂತ್ಬಿಡ್ತು?

ಹೌದು, ಒಂಬತ್ತನೇ ತಾರೀಖು. ಹದಿನಾಲ್ಕೂ ಅವತ್ತಿಂದೇ. ಹೌದಪ್ಪಾ, ಬಿರುಗಾಳಿ ಬಂದಿದ್ದು ಹನ್ನೆರಡಕ್ಕೆ. ಗಾಡಿ ಎಳೆಯಕ್ಕಾಗಲ್ಲ, ಕಲ್ಲು ಬಿಸಾಕು ಅಂದೆ ನೀನು. ಬಿಸಾಕಿದೆ ಅಂದೆ ನಾನು. ದೊಪ್ ಅಂತ ಸದ್ದೂ ಕೇಳಿಸ್ತು ನಿನಗೆ, ಡೇರೆ ಒಳಗಿಂದ...

ಕನ್ನಡಕ ಯಾಕೆ ತೆಗೆದೆ? ಬಯ್ಯಿ! ನಿನ್ನ ಬಾಯಿಗೆ ಹೆದರಿ ಹಡಗಿನ ನಾಯಿಗಳೂ ಬಾಲ ಮುದುರ್ತಿದ್ವು!... ಲೋ, ಹಾಗೆ ನೋಡ್ಬೇಡ್ವೋ...

ಬಿದ್ದಿದ್ದು ಕಲ್ಲಲ್ಲ. ನಿನ್ನ ಲೆಕ್ಕ ಯಾವತ್ತೂ ತಪ್ಪಿರ್ಲಿಲ್ಲ ಕಣೋ.