ಸಹಿಯಾಗದ ರೈಫಲ್ ಅರ್ಜಿ

ಅಧ್ಯಕ್ಷತೆ ವಹಿಸಿರುವ ತಹಶೀಲ್ದಾರರೇ, ಚುನಾವಣೆ ಬಂದಾಗಲೆಲ್ಲ ನಮ್ಮ ಕೋವಿಗಳನ್ನು ಜೋಪಾನವಾಗಿಟ್ಟುಕೊಳ್ಳುವ ಸಬ್ ಇನ್ಸ್‌ಪೆಕ್ಟರ್ ಸಾಹೇಬರೇ, ಇಂದು ನಿವೃತ್ತರಾಗುತ್ತಿರುವ ಲೈಸೆನ್ಸ್ ವಿಭಾಗದ ಸುಲೋಚನಮ್ಮನವರೇ, ಕೆರೆಕಟ್ಟೆ, ಬೇಗಾರುಗಳಿಂದ ಬಂದಿರುವ ಸಭಿಕರೇ,

ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಂಡವರ ಪರವಾಗಿ ಎರಡು ಮಾತಾಡಲು ಹೇಳಿದ್ದಾರೆ. ಈ ವೆಂಕಟರಮಣ ಗೌಡನ ಎರಡು ಮಾತು ಎಷ್ಟುದ್ದವೆಂದು ಬೇಗಾರಿನವರಿಗೆ ಗೊತ್ತು.

ಎರಡು ಸಾವಿರದ ನಾಲ್ಕರಲ್ಲಿ ನನಗೆ ರೈಫಲ್ಲಿನ ಹುಚ್ಚು ಹಿಡಿಯಿತು. ಅಜ್ಜನ ಜೋಡುನಳಿಗೆ ಕೋವಿ ಸಾಲದಾಯಿತು. ಕಾಟಿಕೋಣಕ್ಕೆ ಯಾವ ರೈಫಲ್, ಹಂದಿಗೆ ಯಾವುದು ಎಂದು ಪುಸ್ತಕ ತರಿಸಿ ಓದಿದೆ. ಅರ್ಜಿಯಲ್ಲಿ ಉದ್ದೇಶ ಕೇಳಿದಲ್ಲಿ, ಅಜ್ಜನ ಹಳೆಯ ಅರ್ಜಿ ನೋಡಿಕೊಂಡು 'ದೊಡ್ಡ ಶಿಕಾರಿ' ಎಂದು ಬರೆದೆ. ಶಿಕಾರಿಗೆ ನಿಷೇಧ ಬಿದ್ದು ಮೂವತ್ತು ವರ್ಷವಾಗಿತ್ತು. ಬೇರೆಯವರಾಗಿದ್ದರೆ ಆ ಕಾಗದವನ್ನು ನೆಟ್ಟಗೆ ಫಾರೆಸ್ಟಿನವರಿಗೆ ಕೊಡುತ್ತಿದ್ದರು. ಸುಲೋಚನಮ್ಮ ಆ ಸಾಲು ಹೊಡೆದುಹಾಕಿ ಕೇಳಿದರು: "ಗೌಡ್ರೇ, ರೈಫಲ್ ಗುಂಡು ಮೈಲಿಗಟ್ಟಲೆ ಹೋಗ್ತದೆ. ನಿಮ್ಮ ಗದ್ದೆ ಎಷ್ಟುದ್ದ ಇದೆ?"

ಐವತ್ತು ಮಾರು. ಅದರಾಚೆ, ನಮ್ಮಲ್ಲಿ ಕೆಲಸಕ್ಕೆ ಬರುವ ಬೂತಪ್ಪನ ಮನೆ. ಹಾಗಾದರೆ ಬೂತಪ್ಪನ ಒಪ್ಪಿಗೆ ಸಹಿ ತನ್ನಿ ಎಂದರು. ಅದು ಕಾನೂನಿನಲ್ಲಿತ್ತೋ ಇಲ್ಲವೋ, ಆಯಮ್ಮನ ಮೇಜಿನ ಮೇಲಂತೂ ಇತ್ತು.

ಹೋದೆ. ಬೂತಪ್ಪ ಕುಂಟುತ್ತ ಹೊರಗೆ ಬಂದ. ಅವನ ಕಾಲಿಗೆ ಕಡಿದ ಬಿದಿರಿನ ಕೂಳೆ ಚುಚ್ಚಿದ ಕಥೆ ನಿಮಗೆಲ್ಲ ಗೊತ್ತು. ಅದನ್ನು ಊರಿಗೆ ಹೇಳಿದವನು ಯಾರು? ನಾನು. ಹಾಗೇ ಹೇಳು ಎಂದು ಅವನಿಗೂ ಕಲಿಸಿದವನು ಯಾರು? ನಾನೇ. ಕ್ಷಮಿಸಿ, ಇದು ನಾನು ಬರೆದುಕೊಂಡು ಬಂದ ಕಾಗದದಲ್ಲಿಲ್ಲ.

ಅವನು ಅಂದ: "ಸಹಿ ಹಾಕ್ತೀನಿ ಗೌಡ್ರೇ. ಆದ್ರೆ ನನ್ನ ಕಾಲಿಗೆ ಏನಾಯ್ತು ಅಂತ ನಾಕು ಜನರ ಎದುರು ಒಂದ್ಸಲ ಹೇಳಿ."

ಹೇಳುವ ಧೈರ್ಯ ಬರಲಿಲ್ಲ. ಸಹಿಯಿಲ್ಲದ ಕಾಗದವನ್ನೇ ವಾಪಸು ತಂದೆ. ಸುಲೋಚನಮ್ಮ ಏನೂ ಕೇಳದೆ, ಸಹಿ ಆಗುವವರೆಗೆ ಫೈಲು ಇಲ್ಲೇ ಇರಲಿ ಎಂದರು. ನಾಲ್ಕು ವರ್ಷದಿಂದ ಅಲ್ಲೇ ಇದೆ. ಅವರನ್ನು ಬೀಳ್ಕೊಡುವ ದಿನವೂ ಹೇಳದಿದ್ದರೆ ನಾನು ಇನ್ಯಾವಾಗ ಹೇಳಲಿ?

ಅರ್ಜಿ ಹಾಕುವ ಮೊದಲೇ ಒಂದು ರಾತ್ರಿ, ಅಜ್ಜನ ಕೋವಿಯಲ್ಲಿ ಹಂದಿ ಎಂದುಕೊಂಡು ಹೊಡೆದೆ. ತೋಟಾದ ಚರೆ ಬೂತಪ್ಪನ ಮೊಣಕಾಲಿಗೆ ಬಿತ್ತು. ಹೊಡೆದವನು ನಾನು.

ಅಮ್ಮಾ, ಆ ಫೈಲು ಮುಚ್ಚಿಬಿಡಿ, ನನಗೆ ರೈಫಲ್ ಬೇಡ. ಇನ್ಸ್‌ಪೆಕ್ಟರ್ ಸಾಹೇಬರೇ, ಊಟವಾದ ಮೇಲೆ ಕರೆಯಿರಿ, ಬರುತ್ತೇನೆ. ಈ ಸಲ ಕೋವಿಯನ್ನು ವಾಪಸು ಕೊಡುವ ತೊಂದರೆಯೂ ನಿಮಗಿಲ್ಲ.

ಹಿಂದಿನ ಸಾಲಿನಲ್ಲಿ ಬೂತಪ್ಪ ಎದ್ದು ನಿಂತಿದ್ದಾನೆ. ಹೋಗಬೇಡ ಮಾರಾಯ, ಮೇಲೆ ಬಾ. ಇಲ್ಲಿ ನನ್ನ ಕುರ್ಚಿ ಖಾಲಿಯಿದೆ, ಕೂತುಕೋ. ನಾನು ನಿಂತಿರುತ್ತೇನೆ.

ನಾಲ್ಕು ವರ್ಷ ಕಾದ ಸುಲೋಚನಮ್ಮನವರಿಗೆ, ಅದಕ್ಕಿಂತ ಹೆಚ್ಚು ಕಾದ ಬೂತಪ್ಪನಿಗೆ, ಕೇಳಿಸಿಕೊಂಡ ನಿಮಗೆಲ್ಲರಿಗೂ ಧನ್ಯವಾದ. ನಮಸ್ಕಾರ.